ಬಾಯ್ಲರ್ ರಜೆ

ಮೊದಲೇ ಹೇಳಿಬಿಡುತ್ತೇನೆ, ನಾನು ಓದುವವಳಲ್ಲ. ನನಗೂ ಪುಸ್ತಕಕ್ಕೂ ಎಣ್ಣೆ ಸೀಗೆಕಾಯಿ. ಓದುತ್ತಿದ್ದವಳು ನನ್ನ ಅಕ್ಕ. ಮೂವತ್ತೊಂದು ವರ್ಷ ಒಂದೇ ಲಾಂಡ್ರಿಯಲ್ಲಿ, ಒಂದೇ ರೋಲರ್ ಮುಂದೆ ನಿಂತು ಹೋಟೆಲು, ಹಾಸ್ಟೆಲುಗಳ ಬೆಡ್‌ಶೀಟುಗಳಿಗೆ ಇಸ್ತ್ರಿ ಮಾಡಿದಳು. ಆ ಮೂವತ್ತೊಂದು ವರ್ಷವೂ ಓದಿದಳು. ಬಸ್ಸಿನಲ್ಲಿ ಓದಿದಳು, ಊಟದ ಬಿಡುವಿನಲ್ಲಿ ಓದಿದಳು, ನಾನು ಮನೆಯ ಕಷ್ಟ ಹೇಳಿಕೊಳ್ಳುವಾಗ ಒಂದು ಕಿವಿ ನನಗೆ ಕೊಟ್ಟು ಎರಡೂ ಕಣ್ಣು ಪುಸ್ತಕಕ್ಕೆ ಕೊಟ್ಟಳು. ಅವಳ ವಿಷಯ ಬರೆ ಎಂದು ನನಗೆ ಯಾರೂ ಹೇಳಿಲ್ಲ. ನನ್ನ ಕೈಯಿಂದ ಒಂದು ಕೆಲಸ ಕೆಟ್ಟಿತು. ಅದನ್ನು ಎಲ್ಲಾದರೂ ಹೇಳಿಕೊಳ್ಳದೆ ಊಟ ಸೇರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಹರಿದ ಜಿಪ್ ಬದಲಾಯಿಸುವುದು, ಇಂಥ ಚಿಲ್ಲರೆ ಕೆಲಸ ನನ್ನದು. ನನ್ನ ಗಂಡ ಒಂದು ದಿನ ಈಗ ಬರ್ತೀನಿ ಎಂದು ಹೋದವನು ಇನ್ನೂ ಬರುತ್ತಲೇ ಇದ್ದಾನೆ. ಅಕ್ಕನಿಗೆ ಮದುವೆಯೇ ಆಗಲಿಲ್ಲ. ಒಬ್ಬ ನೋಡಲು ಬಂದವನು, ಇಷ್ಟೊಂದು ಪುಸ್ತಕ ಯಾಕೆ, ಇಡೋಕೆ ನಮ್ಮನೇಲಿ ಜಾಗ ಇಲ್ಲ ಎಂದನಂತೆ. ಪುಸ್ತಕಕ್ಕೇ ಜಾಗ ಇಲ್ಲದವನು ನನ್ನನ್ನ ಎಲ್ಲಿಡ್ತಾನೆ ಎಂದು ಅಕ್ಕ ಎದ್ದು ಒಳಗೆ ಹೋದಳು. ಆಮೇಲೆ ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ.

ಅವಳ ಓದಿನಲ್ಲಿ ಒಂದು ವಿಚಿತ್ರ ಕಟ್ಟಳೆ ಇತ್ತು. ಯಾವ ಕಾದಂಬರಿಯಾದರೂ ಸರಿ, ಕೊನೆಯ ಇಪ್ಪತ್ತು ಮೂವತ್ತು ಪುಟ ಬಂತು ಎಂದರೆ ನಿಲ್ಲಿಸಿಬಿಡುತ್ತಿದ್ದಳು. ಅಲ್ಲಿಗೆ ಒಂದು ಬಟ್ಟೆಯ ಪಟ್ಟಿ ಇಟ್ಟು ಪುಸ್ತಕ ಮುಚ್ಚಿ, ಇನ್ನೊಂದು ಶುರು ಮಾಡುವಳು. ಪಟ್ಟಿ ನನ್ನ ಮೆಷಿನ್ನಿನ ಕೆಳಗೆ ಬಿದ್ದ ಚೂರುಗಳದು. ಹೀಗೆ ವರ್ಷವಿಡೀ ಹತ್ತು ಹನ್ನೆರಡು ಕಥೆಗಳನ್ನು ಅರ್ಧಂಬರ್ಧ ಮಾಡಿಟ್ಟು, ಎಲ್ಲದರ ಕೊನೆಗಳನ್ನೂ ಒಟ್ಟಿಗೆ ಬಾಯ್ಲರ್ ರಜೆಯಲ್ಲಿ ಓದುತ್ತಿದ್ದಳು.

ಬಾಯ್ಲರ್ ರಜೆ ಎಂದರೆ, ವರ್ಷಕ್ಕೊಮ್ಮೆ ಹಾಸ್ಟೆಲುಗಳು ಖಾಲಿಯಾಗುವ ಕಾಲದಲ್ಲಿ ಲಾಂಡ್ರಿಯ ಬಾಯ್ಲರನ್ನು ಆರಿಸಿ, ಬಿಚ್ಚಿ, ಒಳಗೆ ಉಜ್ಜಿ ತಪಾಸಣೆ ಮಾಡುತ್ತಾರೆ. ಆ ಹತ್ತು ದಿನ ಯಾರಿಗೂ ಕೆಲಸವಿಲ್ಲ. ವಾರದ ರಜೆ ಮನೆ ಒರೆಸುವುದರಲ್ಲಿ, ಅಕ್ಕಿ ಬೇಳೆ ತರುವುದರಲ್ಲಿ ಮುಗಿದು ಹೋಗುವುದರಿಂದ, ಅಕ್ಕನ ಪಾಲಿಗೆ ರಜೆ ಎಂದರೆ ಆ ಹತ್ತು ದಿನ ಮಾತ್ರ.

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಊಟದ ಬಿಡುವಿನಲ್ಲಿ ಒಂದು ಕಾದಂಬರಿ ಮುಗಿಸಿದಳಂತೆ. ಕಥೆಯಲ್ಲಿ ಯಾರೋ ಸತ್ತಿದ್ದರು. ಕಣ್ಣು ತುಂಬಿಕೊಂಡೇ ಬಂದು ರೋಲರಿಗೆ ಬಟ್ಟೆ ಕೊಟ್ಟಳು. ಆ ಯಂತ್ರದಲ್ಲಿ ಕಾದ ಉರುಳೆಯ ಒತ್ತಿಗೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಒಡ್ಡಬೇಕು, ಅದು ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಕೈ ಬಿಡಬೇಕು. ಅಕ್ಕ ಬಿಡುವುದು ಒಂದು ಕ್ಷಣ ತಡವಾಯಿತು. ಎಡಗೈಯ ಎರಡು ಬೆರಳು ಒಳಗೆ ಹೋದವು. ಬೆರಳು ಉಳಿದವು, ಉಗುರು ಮತ್ತೆ ಬರಲಿಲ್ಲ. ಅವತ್ತಿನಿಂದ ಕೆಲಸದ ದಿನ ಕೊನೆ ಓದಬಾರದು ಎಂದು ತನಗೆ ತಾನೇ ಹಾಕಿಕೊಂಡಳು. ಓದುವುದನ್ನೇ ಬಿಡಬಹುದಿತ್ತಲ್ಲ ಎಂದು ನಾನು ಕೇಳಿದರೆ, ಬೆರಳು ಸುಟ್ಟಿದ್ದು ಪುಸ್ತಕ ಅಲ್ವಲ್ಲೇ, ರೋಲರ್ರು, ಅದನ್ನ ಬಿಡೋಕಾಗುತ್ತಾ ಅನ್ನುತ್ತಿದ್ದಳು.

ಪುಸ್ತಕಗಳು ಅವಳವಲ್ಲ. ಬಸ್‌ಸ್ಟಾಪಿನ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿ. ಅದರ ಯಜಮಾನರು ದಪ್ಪ ಕನ್ನಡಕದ ಮನುಷ್ಯ, ಯಾರನ್ನೂ ನಗಿಸಿದವರಲ್ಲ, ನಕ್ಕವರೂ ಅಲ್ಲ. ಆದರೆ ಅಕ್ಕನ ಪುಸ್ತಕಗಳನ್ನು ಮೇಜಿನ ಕೆಳಗಿನ ಖಾನೆಯಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದರು. ನಡುವೆ ಬೇರೆ ಯಾರಾದರೂ ಕೇಳಿದರೆ, ಪಟ್ಟಿ ಕದಲಿಸಕೂಡದು ಎಂದು ಎಚ್ಚರಿಸಿ ಕೊಡುತ್ತಿದ್ದರಂತೆ. ಬಸ್ಸಿನಲ್ಲಿ ಲಾಂಡ್ರಿಯ ಹೆಂಗಸರು, ಆ ಕಥೇಲಿ ಕೊನೆಗೆ ಏನಾಗುತ್ತೆ ಗೊತ್ತಾ ಎಂದು ಬೇಕೆಂದೇ ಶುರು ಮಾಡುವರು. ಅಕ್ಕ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದಳು.

ರಜೆಯ ಮೊದಲ ದಿನ ಅವಳ ಸಡಗರ ನೋಡಬೇಕು. ಮದುವೆಗೆ ಹೊರಟವಳ ಹಾಗೆ ತಲೆಗೆ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಊಟದ ಡಬ್ಬಿ ಹಿಡಿದು ಆ ಅಂಗಡಿಗೆ ಹೋಗಿ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂರುವಳು. ದಿನಕ್ಕೊಂದು ಕೊನೆ, ಒಮ್ಮೊಮ್ಮೆ ಎರಡು. ಸಂಜೆ ಕಣ್ಣು ಊದಿಸಿಕೊಂಡು ಬರುವಳು.

"ಇವತ್ತು ಎಷ್ಟು ಜನ ಸತ್ರು?" ಎಂದು ನಾನು ಮೆಷಿನ್ ತುಳಿಯುತ್ತಲೇ ಕೇಳುವೆ.

"ಇಬ್ರು. ಒಬ್ಬಳಿಗೆ ಮದುವೆ ಆಯ್ತು."

"ಹಾಗಾದ್ರೆ ಮೂರು ಅನ್ನು."

ಅವಳು ನಗುತ್ತಾ ಡಬ್ಬಿ ತೊಳೆಯಲು ಹೋಗುವಳು. ಇಡೀ ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾಗಿ ಇರುತ್ತಿದ್ದುದು ಆ ಹತ್ತು ದಿನ ಮಾತ್ರ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಅವಳಿಗೆ ಊಟ ಸೇರದಾಯಿತು. ಗ್ಯಾಸ್ ಇರಬೇಕು ಎಂದು ಮಾತ್ರೆ ನುಂಗಿಕೊಂಡು ನಾಲ್ಕು ತಿಂಗಳು ರೋಲರ್ ಮುಂದೆ ನಿಂತಳು. ಒಂದು ದಿನ ಅಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದವರು ಹಾಗೇ ಮತ್ತೆ ಹೊಲಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಕೈ ಮೀರಿ ಹೋಗಿದೆ, ಒಂದು ತಿಂಗಳು ಅಂದುಕೊಳ್ಳಿ, ದೇವರು ದೊಡ್ಡವನಾದರೆ ಇನ್ನೊಂದು ವಾರ, ಮನೆಗೆ ಕರ್ಕೊಂಡು ಹೋಗಿ ನೋವಾಗದ ಹಾಗೆ ನೋಡ್ಕೊಳ್ಳಿ ಎಂದರು. ಬರೀ ನೋವಿನ ಮಾತ್ರೆ ಬರೆದುಕೊಟ್ಟರು. ನಾನು ಮುಖ ತೊಳೆದುಕೊಂಡು ಒಳಗೆ ಹೋಗಿ, ಹುಣ್ಣಂತೆ, ವಾಸಿಯಾಗುತ್ತಂತೆ, ರೆಸ್ಟ್ ಬೇಕಂತೆ ಎಂದೆ. ಅಕ್ಕ ನಂಬಿದಳು. ನಾನು ಹೇಳಿದ್ದನ್ನು ಅವಳು ಅದುವರೆಗೆ ಯಾವತ್ತೂ ನಂಬದೆ ಇದ್ದವಳಲ್ಲ.

ಆಗ ಬಾಯ್ಲರ್ ರಜೆಗೆ ಸರಿಯಾಗಿ ಎರಡು ತಿಂಗಳಿತ್ತು. ಮೇಜಿನ ಕೆಳಗಿನ ಖಾನೆಯಲ್ಲಿ ಹನ್ನೊಂದು ಪುಸ್ತಕ ಕಾಯುತ್ತಿದ್ದವು. ಈ ಲೆಕ್ಕ ನನ್ನ ತಲೆಗೆ ಬಂದದ್ದೇ ತಡ, ಅಂಗಡಿಗೆ ಹೋಗಿ ಯಜಮಾನರ ಮುಂದೆ ಚೀಲ ಒಡ್ಡಿ ನಿಂತೆ. ಅವರು ಯಾಕೆ ಎಂದು ಕೇಳಲಿಲ್ಲ. ಹನ್ನೊಂದನ್ನೂ ಒಂದೊಂದಾಗಿ ಒರೆಸಿ, ಪಟ್ಟಿಗಳು ಜಾರದ ಹಾಗೆ ದಾರ ಸುತ್ತಿ ಚೀಲಕ್ಕೆ ಹಾಕಿಕೊಟ್ಟರು.

ಚೀಲ ನೋಡಿ ಅಕ್ಕ ಮುಖ ಗಂಟು ಹಾಕಿದಳು.

"ಇದನ್ನೆಲ್ಲ ಯಾಕೆ ತಂದೆ?"

"ಮಲಗೇ ಇದ್ದೀಯಲ್ಲ, ಓದ್ಕೋ. ಇಷ್ಟು ಬಿಡುವು ಇನ್ಯಾವಾಗ ಸಿಗುತ್ತೆ ನಿಂಗೆ?"

"ಇದು ಕಾಯಿಲೆ ರಜೆ ಕಣೇ. ಅದಕ್ಕೂ ಇದಕ್ಕೂ ವ್ಯತ್ಯಾಸ ಇಲ್ವಾ? ಮುಂದಿನ ವಾರ ಕೆಲಸಕ್ಕೆ ಹೋಗೋಳು ನಾನು."

"ಮುಂದಿನ ವಾರ ನೀನು ಎಲ್ಲಿಗೂ ಹೋಗ್ತಿಲ್ಲ."

"ಆಯ್ತು, ಅದರ ಮುಂದಿನ ವಾರ. ರಜೆ ಬರಲಿ, ಓದ್ತೀನಿ. ಇಷ್ಟು ದಿನ ಕಾದಿಲ್ವಾ?"

ನಾನು ಬೈದೆ, ಮುದ್ದು ಮಾಡಿದೆ, ಮುನಿಸಿಕೊಂಡು ಒಂದು ದಿನ ಮಾತು ಬಿಟ್ಟೆ. ಯಾವುದೂ ನಡೆಯಲಿಲ್ಲ. ಚೀಲವನ್ನು ಗೋಡೆಯ ಮೊಳೆಗೆ ನೇತು ಹಾಕಿಸಿ, ಅದರ ಕಡೆ ಬೆನ್ನು ಮಾಡಿ ಮಲಗಿದಳು. ದಿನಕ್ಕೊಂದು ಹಿಡಿ ತೂಕ ಇಳಿಯುತ್ತಿತ್ತು. ಮಾತ್ರೆಯ ಮಂಪರಿನಲ್ಲಿ ಬೆಳಗ್ಗೆ ಯಾವುದು, ಸಂಜೆ ಯಾವುದು ಎಂಬುದೂ ತಪ್ಪತೊಡಗಿತು. ಹನ್ನೊಂದು ಕಥೆಗಳ ಕೊನೆ ಗೊತ್ತಾಗದೆಯೇ ಇವಳು ಹೋಗಿಬಿಡುತ್ತಾಳೆ ಎಂದು ನನಗೆ ರಾತ್ರಿ ಹಗಲು ಅದೇ ಯೋಚನೆ. ನಗಬೇಡಿ. ಸಾಯುವವಳಿಗೆ ಔಷಧಿ ಬೇಕು, ಗಂಜಿ ಬೇಕು, ಕಥೆಯ ಕೊನೆ ಯಾಕೆ ಬೇಕು ಎಂದು ಪಕ್ಕದ ಮನೆಯವಳು ಕೇಳಿದಳು. ವರ್ಷವಿಡೀ ಬೆವರು ಸುರಿಸಿ ಅವಳು ತನಗಾಗಿ ಅಂತ ಎತ್ತಿಟ್ಟುಕೊಂಡದ್ದು ಅದೊಂದೇ, ಇನ್ನೇನೂ ಇಲ್ಲ ಎಂದು ನಾನು ಬಾಗಿಲು ಹಾಕಿದೆ.

ಕೊನೆಗೆ ನನಗೆ ಒಂದು ಉಪಾಯ ಹೊಳೆಯಿತು. ಆಗ ಎಷ್ಟು ಒಳ್ಳೆಯ ಉಪಾಯ ಅನ್ನಿಸಿತು ಎಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ರಜೆ ಬರುವವರೆಗೆ ಇವಳು ಇರುವುದಿಲ್ಲ, ಸರಿ. ರಜೆಯನ್ನೇ ಇಲ್ಲಿಗೆ ತಂದರಾಯಿತು.

ಲಾಂಡ್ರಿಯ ಮೇಲ್ವಿಚಾರಕಿಯನ್ನು ಎಲ್ಲರೂ ಗಡಿಯಾರ ಎಂದು ಕರೆಯುತ್ತಾರೆ. ಐದು ನಿಮಿಷ ತಡವಾದರೆ ಗೇಟಿನಲ್ಲಿ ನಿಲ್ಲಿಸಿ ಎಲ್ಲರ ಮುಂದೆ ಮರ್ಯಾದೆ ತೆಗೆಯುವ ಹೆಂಗಸು. ನಾನು ಹೋಗಿ ಹೇಳಿದಾಗ ಆಕೆ, ನನಗೆ ನಾಟಕ ಬರಲ್ಲಮ್ಮ ಎಂದಳು. ಮಾರನೇ ದಿನ ಸಂಜೆ ಇಬ್ಬರು ಹೆಂಗಸರನ್ನು ಕರೆದುಕೊಂಡು ಹಣ್ಣು ಹಿಡಿದು ಬಂದೇ ಬಂದಳು. ಅಷ್ಟರಲ್ಲಿ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಹಾಳೆ ಕಿತ್ತು ಒಲೆಗೆ ಹಾಕಿದ್ದೆ.

"ನಾಳೆಯಿಂದ ಬಾಯ್ಲರ್ ಬಂದ್" ಎಂದಳು ಗಡಿಯಾರ, ನಿಂತುಕೊಂಡೇ. "ಹೇಳಿ ಹೋಗೋಣ ಅಂತ ಬಂದೆ."

ಅಕ್ಕ ಮೊಣಕೈ ಊರಿ ಎದ್ದಳು. "ಆಗಲೇ ಬಂತಾ? ಇನ್ನೂ ಬೇಕಾದಷ್ಟು ದಿನ ಇದೆ ಅಂದ್ಕೊಂಡಿದ್ನಲ್ಲ."

"ಮಲಗಿದೋರಿಗೆ ದಿನದ ಲೆಕ್ಕ ಎಲ್ಲಿ ಸಿಗುತ್ತೆ?"

ಅಕ್ಕ ಕ್ಯಾಲೆಂಡರ್ ನೋಡಿದಳು, ನನ್ನನ್ನು ನೋಡಿದಳು. ನಾನು ಹೂಂ ಎಂದು ತಲೆ ಆಡಿಸಿದೆ. ಅವಳ ಮುಖದಲ್ಲಿ ಆ ಹಳೆಯ ರಜೆಯ ಕಳೆ ಬಂತು. ಗಡಿಯಾರ ಅದನ್ನು ನೋಡಲಾರದೆ ಬಾಗಿಲ ಕಡೆ ತಿರುಗಿದಳು. ಹೋಗುವಾಗ ಏನಾದರೂ ಧೈರ್ಯ ಹೇಳಬೇಕಲ್ಲ, ಪ್ರತಿ ವರ್ಷ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. "ಹತ್ತು ದಿನ ಆರಾಮಾಗಿರು. ಹನ್ನೊಂದನೇ ದಿನ ಬೆಳಗ್ಗೆ ನೀನು ನಿನ್ನ ರೋಲರ್ ಮುಂದೆ ಇರಬೇಕು, ಗೊತ್ತಾಯ್ತಾ?"

"ಇರ್ತೀನಿ ಮೇಡಂ" ಎಂದಳು ಅಕ್ಕ.

ನಾಟಕ ಬರಲ್ಲ ಎಂದಿದ್ದ ಗಡಿಯಾರ ಎಷ್ಟು ಚೆನ್ನಾಗಿ ಹೇಳಿದಳು ಎಂದು ನಾನು ಖುಷಿಪಟ್ಟೆ.

ಮಾರನೇ ಬೆಳಗ್ಗೆ ಅಕ್ಕ ತಲೆಗೆ ಸ್ನಾನ ಬೇಕೆಂದಳು. ಬಿಸಿನೀರಲ್ಲಿ ಒರೆಸಿ, ಒಳ್ಳೆಯ ಬಟ್ಟೆ ಉಡಿಸಿ, ದಿಂಬು ಒರಗಿಸಿ ಕೂರಿಸಿದೆ. ಪುಸ್ತಕ ಕೈಗೆ ತೆಗೆದುಕೊಂಡು ಐದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದವಳು ಕೆಳಗಿಟ್ಟಳು. ಮಾತ್ರೆಗೆ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. "ನೀನೇ ಓದೇ" ಎಂದಳು.

ನಾನು ಓದುವುದು ರೇಷನ್ ಚೀಟಿ ಓದಿದ ಹಾಗೆ. ಮೇಲಾಗಿ ಕೊನೆಯ ಇಪ್ಪತ್ತು ಪುಟ ಮಾತ್ರ ಓದಿದರೆ ಯಾರು ಯಾರೆಂದು ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಅಕ್ಕ ಮೊದಲು ಕಥೆ ಹೇಳಿದಳು. ಮೊದಲ ಪುಟದಿಂದ ಪಟ್ಟಿ ಇದ್ದ ಪುಟದವರೆಗೆ, ಕಣ್ಣು ಮುಚ್ಚಿಕೊಂಡು, ಪಕ್ಕದ ಬೀದಿಯವರ ಸುದ್ದಿ ಹೇಳುವ ಹಾಗೆ. ದೋಣಿ ನಡೆಸುವವನೊಬ್ಬ ತನಗೆ ಬಂದ ಕಾಗದಗಳನ್ನು ಒಡೆಯದೆ ಹತ್ತು ವರ್ಷ ಇಟ್ಟುಕೊಂಡದ್ದು. ಬ್ಯಾಂಕಿನ ಗುಮಾಸ್ತೆಯೊಬ್ಬಳು ಇನ್ನೊಬ್ಬನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದು. ನನ್ನ ಮೆಷಿನ್ನಿನ ಮೇಲೆ ಪ್ಯಾಂಟುಗಳು ರಾಶಿ ಬಿದ್ದವು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆಮೇಲೆ ಪಟ್ಟಿ ತೆಗೆದು ಅಲ್ಲಿಂದ ಓದಿದೆ. ದೋಣಿಯವನು ಕಾಗದ ಒಡೆಯುವ ಪುಟ ಬಂದಾಗ ಅಕ್ಕನ ಜೊತೆ ನಾನೂ ಅತ್ತುಬಿಟ್ಟೆ. ಅಕ್ಕ ನನ್ನ ತೊಡೆ ತಟ್ಟಿ, "ನೋಡ್ದಾ, ಇದಕ್ಕೇ ಕೆಲಸದ ದಿನ ಓದಬಾರದು ಅನ್ನೋದು" ಎಂದಳು.

ಆ ಹತ್ತು ದಿನ ನಮ್ಮ ಜೀವನದಲ್ಲೇ ಚೆನ್ನಾಗಿದ್ದ ದಿನಗಳು. ಅವಳು ಗಂಜಿ ಕೇಳಿ ಕುಡಿದಳು. ಸುಟ್ಟ ಬೆರಳುಗಳಿಂದ ಪುಟದ ಅಂಚು ಸವರುತ್ತಾ ಕೇಳಿದಳು, ನಗುವ ಕಡೆ ನಕ್ಕಳು, ಅಳುವ ಕಡೆ ಅತ್ತಳು. ಎಂಟನೆಯದೋ ಒಂಬತ್ತನೆಯದೋ ಪುಸ್ತಕಕ್ಕೆ ನಾನು ಒಂದು ಕೆಲಸ ಮಾಡಿದೆ. ಅದು ಒಬ್ಬ ಸೂಲಗಿತ್ತಿಯ ಕಥೆ. ಮುದುಕಿಯಾಗಿ ಆಸ್ಪತ್ರೆ ಸೇರಿದ್ದಾಳೆ, ಜಗಳವಾಡಿ ಹೋದ ಮಗಳಿಗೆ ಹೇಳಿ ಕಳಿಸಿದ್ದಾಳೆ, ಮಗಳು ರೈಲು ಹತ್ತಿದ್ದಾಳೆ. ಅಲ್ಲಿಗೆ ಪಟ್ಟಿ. ನಾನು ಓದುತ್ತಾ ಹೋದೆ. ಕೊನೆಯ ಪುಟಕ್ಕೆ ಬಂದಾಗ ಕಣ್ಣು ಮುಂದಿನ ಸಾಲಿಗೆ ಹಾರಿತು. ರೈಲು ಬರುವ ಮೊದಲೇ ಮುದುಕಿ ಸಾಯುತ್ತಾಳೆ. ನರ್ಸು ಬಂದು ಹಾಸಿಗೆಯ ಬಟ್ಟೆ ಬದಲಾಯಿಸುತ್ತಾಳೆ. ಅಷ್ಟೇ, ಪುಸ್ತಕ ಮುಗಿಯಿತು.

ನನ್ನ ಪಕ್ಕದಲ್ಲಿ ಮೂಳೆ ಚಕ್ಕಳವಾಗಿ ಮಲಗಿದವಳಿಗೆ ಇದನ್ನು ಹೇಗೆ ಓದಲಿ? ಪುಟ ನೋಡುತ್ತಲೇ ಬಾಯಿಗೆ ಬಂದದ್ದು ಸೇರಿಸಿದೆ. ಮಗಳು ಬಂದಳು, ಬಾಗಿಲಲ್ಲಿ ನಿಂತಳು, ಅಮ್ಮಾ ಎಂದಳು, ಮುದುಕಿ ಕಣ್ಣು ಬಿಟ್ಟಳು, ಇಬ್ಬರೂ ಮನೆಗೆ ಹೋದರು.

"ಮನೆಗೆ ಹೋದ್ರಾ?" ಎಂದಳು ಅಕ್ಕ.

"ಹೂಂ, ಹೋದ್ರು."

"ಒಳ್ಳೇದಾಯ್ತು ಬಿಡು" ಎಂದು ಮಗ್ಗುಲಾದಳು. ನಾನು ಪುಸ್ತಕವನ್ನು ಚೀಲದ ತಳಕ್ಕೆ ಸೇರಿಸಿದೆ.

ಹತ್ತನೇ ದಿನ ಮಧ್ಯಾಹ್ನ ಹನ್ನೊಂದನೆಯದು ಮುಗಿಯಿತು. ಸಂಜೆ ಅಕ್ಕ, ನನ್ನ ನೀಲಿ ಕೋಟಿಗೆ ಒಂದು ಸಲ ಇಸ್ತ್ರಿ ಎಳೆದಿಡೇ ಎಂದಳು. ಅದು ಲಾಂಡ್ರಿಯ ಸಮವಸ್ತ್ರ. ಮಂಪರಿನ ಮಾತು ಎಂದುಕೊಂಡು, ಆಯ್ತು ಎಂದೆ. ಮನಸ್ಸಿಗೆ ತೃಪ್ತಿಯಾಗಲಿ ಎಂದು ಎಳೆದು, ಚೀಲದ ಪಕ್ಕದ ಮೊಳೆಗೆ ಹಾಕಿಯೂ ಇಟ್ಟೆ. ನನ್ನ ಬುದ್ಧಿಗೆ ಏನಾಗಿತ್ತೋ. ರಜೆ ಕೊಡುವುದರ ಬಗ್ಗೆ ಅಷ್ಟೊಂದು ಯೋಚಿಸಿದವಳಿಗೆ, ರಜೆ ಎಂದ ಮೇಲೆ ಅದು ಮುಗಿಯುತ್ತದೆ ಎಂಬುದು ಹೊಳೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ರಜೆ ಮುಗಿದ ಬೆಳಗ್ಗೆ ಅವಳು ಒಂದು ಸಲವೂ ತಪ್ಪಿಸಿಕೊಂಡವಳಲ್ಲ ಎಂಬುದೂ ನೆನಪಾಗಲಿಲ್ಲ.

ಬೆಳಗ್ಗೆ ನಾನು ಹಾಲು ತರಲು ಇಳಿದೆ. ಅಲ್ಲಿಂದ ಹೊಲಿದ ಎರಡು ಬಟ್ಟೆ ಕೊಟ್ಟು ಬರಲು ಹೋದೆ. ಒಟ್ಟು ಅರ್ಧ ಗಂಟೆ. ತಿರುಗಿ ಬಂದರೆ ಬಾಗಿಲು ತೆರೆದಿದೆ, ಹಾಸಿಗೆ ಖಾಲಿ. ಹೊದಿಕೆ ನಾಲ್ಕು ಮೂಲೆ ಕೂಡಿಸಿ ಮಡಿಸಿಟ್ಟಿದೆ. ಮೊಳೆಯಲ್ಲಿ ಕೋಟು ಇಲ್ಲ. ಮೆಟ್ಟಿಲಲ್ಲಿ ಎಲ್ಲಾದರೂ ಬಿದ್ದಿರಬಹುದು ಎಂದು ನೋಡುತ್ತಾ ಇಳಿದೆ, ಇರಲಿಲ್ಲ. ಬಸ್‌ಸ್ಟಾಪಿನ ಚಹಾದವನು, ನಿಮ್ಮಕ್ಕ ಆಗಲೇ ಹೋದ್ರು, ಕಂಡಕ್ಟರ್ ಕೈ ಹಿಡ್ಕೊಂಡು ಹತ್ತಿಸ್ಕೊಂಡ ಎಂದ. ಸಿಕ್ಕ ಆಟೋ ಹತ್ತಿ ಹೋದೆ.

ಲಾಂಡ್ರಿಯ ತಿರುವಿಗೆ ಬರುವ ಮೊದಲೇ ಯಂತ್ರಗಳ ಸದ್ದು ಕೇಳಿಸುತ್ತದೆ. ಕೊಳವೆಯಿಂದ ಬಿಳಿ ಆವಿ ಏಳುತ್ತಿರುತ್ತದೆ. ಅವಳಿಗೂ ಕೇಳಿಸಿರಬೇಕು, ಕಂಡಿರಬೇಕು. ರಜೆ ಮುಗಿದ ಮೊದಲ ದಿನ ತಣ್ಣಗಾದ ಬಾಯ್ಲರ್ ಬಿಸಿಯಾಗಿ ಆವಿ ಬರಲು ಮಧ್ಯಾಹ್ನವಾಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಒಳಗೆ ಹೋದೆ. ಅವಳ ರೋಲರ್ ಮುಂದೆ ಬೇರೆ ಹೆಂಗಸೊಬ್ಬಳು ಬೆಡ್‌ಶೀಟ್ ಹಿಡಿದು ನಿಂತಿದ್ದಳು, ಒಡ್ಡುವುದೋ ಬಿಡುವುದೋ ತಿಳಿಯದೆ. ಗೋಡೆಯ ಹಲಗೆಯ ಮೇಲೆ ಅಂದಿನ ತಾರೀಕು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು, ಅದರ ಕೆಳಗೆ ವಾರದ ಪ್ರತಿ ದಿನದ ಹಾಜರಿ. ಅಕ್ಕ ಒಂದು ಸ್ಟೂಲಿನಲ್ಲಿ ಕೂತು ಆ ಹಲಗೆಯನ್ನು ನೋಡುತ್ತಿದ್ದಳು. ನೀಲಿ ಕೋಟಿನೊಳಗೆ ಅವಳು ಇದ್ದಾಳೋ ಇಲ್ಲವೋ ಎಂಬಂತಿದ್ದಳು. ಗಡಿಯಾರ ಅವಳ ಕಾಲ ಬಳಿ ನೆಲದ ಮೇಲೆ ಕೂತು, ತಪ್ಪಾಯ್ತು, ನನ್ನಿಂದ ತಪ್ಪಾಯ್ತು ಎನ್ನುತ್ತಿದ್ದಳು. ಅಕ್ಕ ಅವಳನ್ನು ಬೈಯಲಿಲ್ಲ. ನನ್ನನ್ನು ಕಂಡು, "ಬಂದ್ಯಾ, ನಡಿ" ಎಂದಳು.

ಆಟೋ ಅರ್ಧ ದಾರಿ ಬಂತು. ಅಕ್ಕ ಕೇಳಿದಳು.

"ಎಷ್ಟು ದಿನ ಅಂದ್ರು ಡಾಕ್ಟ್ರು?"

"ಏನಕ್ಕ?"

"ರಜೆ ಬರೋ ತನಕ ನಾನು ಇರಲ್ಲ ಅಂತ ತಾನೇ ರಜೆ ತಂದಿದ್ದು? ಎಷ್ಟು ದಿನ ಅಂದ್ರು ಹೇಳು."

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ಒಂದು ತಿಂಗಳು" ಎಂದೆ. "ಇಪ್ಪತ್ತೆರಡು ದಿನ ಆಯ್ತು ಅಂದು."

ಅವಳು ಬೆರಳು ಮಡಿಸಿ ಲೆಕ್ಕ ಹಾಕಲಿಲ್ಲ, ಅಳಲಿಲ್ಲ. ರಸ್ತೆ ನೋಡುತ್ತಾ ಕೂತಳು. ನಾನೇ ಅತ್ತೆ, ಅದೂ ಆಟೋದವನು ತಿರುಗಿ ನೋಡುವ ಹಾಗೆ.

ಮನೆಗೆ ಬಂದು ಮಲಗಿಸಿದೆ. ಕೋಟು ತೆಗೆಯಲು ಬಿಡಲಿಲ್ಲ. ಗೋಡೆಯ ಚೀಲದ ಕಡೆ ನೋಡುತ್ತಾ, "ಆ ಕೊನೆಗಳು?" ಎಂದಳು.

"ಯಾವ ಕೊನೆ?"

"ನೀನು ಓದಿದ್ದು. ಪುಸ್ತಕದಲ್ಲಿ ಇದ್ದದ್ದೇ ಓದಿದ್ಯಾ, ಇಲ್ಲ ನನಗೆ ಸಮಾಧಾನ ಆಗ್ಲಿ ಅಂತ ಅದನ್ನೂ ನೀನೇ ಕಟ್ಟಿದ್ಯಾ?"

ಇದ್ದದ್ದೇ ಓದಿದೆ ಎಂದು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಆ ಮುಖ ನೋಡಿಕೊಂಡು ಮತ್ತೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಒಂದು ಬದಲಾಯಿಸಿದೆ ಅಕ್ಕ" ಎಂದೆ. "ಒಂದೇ ಒಂದು. ಸೂಲಗಿತ್ತಿದು. ಮಿಕ್ಕ ಹತ್ತೂ ಅಕ್ಷರ ಬಿಡದೆ ಓದಿದೀನಿ."

"ಒಂದೇ ಅಂತ ಹೇಗೆ ನಂಬಲಿ?"

ವರ್ಷವಿಡೀ ಕಾದು, ಕಿವಿಗೆ ಬೆರಳಿಟ್ಟುಕೊಂಡು, ಬಸ್ಸಿನಿಂದ ಇಳಿದು ನಡೆದು ಕಾಪಾಡಿಕೊಂಡ ಅಷ್ಟನ್ನೂ ನಾನು ಒಂದೇ ಏಟಿಗೆ ಕೆಡಿಸಿದ್ದೆ.

ಅವಳು ಸೂಲಗಿತ್ತಿಯ ಪುಸ್ತಕ ತೆಗೆಸಿದಳು. ಈ ಸಲ ಪುಟವನ್ನು ತನ್ನ ಮುಖದ ಮುಂದೆ ಹಿಡಿಸಿ, ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡಳು. ಒಂದೇ ಕಣ್ಣಿಗಾದರೆ ಅಕ್ಷರ ಒಂದೊಂದಾಗಿ ಕಾಣುತ್ತಿದ್ದವು, ಆದರೆ ಸಾಲು ತಪ್ಪುತ್ತಿತ್ತು, ಎರಡು ಸಾಲಿಗೇ ಸುಸ್ತಾಗುತ್ತಿತ್ತು. ನಾನು ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಬೇಕು, ಅವಳು ಆ ಪದವನ್ನು ನೋಡಿ ಹೂಂ ಅನ್ನಬೇಕು, ಆಮೇಲೆ ಮುಂದಿನದು. ಕೊನೆಯ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯಿತು. ಮುದುಕಿ ಸತ್ತಳು. ನರ್ಸು ಬಂದು ಹಾಸಿಗೆಯ ಬಟ್ಟೆ ಬದಲಾಯಿಸಿದಳು.

"ಇದು ಸರಿಯಾಗಿದೆ" ಎಂದಳು ಅಕ್ಕ. "ಬಟ್ಟೆ ಬದಲಾಯಿಸಲೇಬೇಕಲ್ಲ." ಸ್ವಲ್ಪ ಹೊತ್ತಾದ ಮೇಲೆ, "ಇಷ್ಟು ಚೆನ್ನಾಗಿರೋದನ್ನ ಯಾಕೆ ಕೆಡಿಸೋಕೆ ಹೋದೆ?" ಎಂದಳು.

ಮಾರನೇ ದಿನ ಮೊದಲನೇ ಪುಸ್ತಕ ತೆಗೆಸಿದಳು. ಎಲ್ಲವನ್ನೂ ಹಾಗೇ ಬೆರಳಿಟ್ಟು ಮತ್ತೆ ಓದಬೇಕಂತೆ. ನಾನು ಎದುರಾಡಲಿಲ್ಲ. ಹೊಲಿಗೆ ನಿಲ್ಲಿಸಿದೆ, ಬಟ್ಟೆ ಕೇಳಲು ಬಂದವರನ್ನು ಬಾಗಿಲಿಂದಲೇ ಕಳಿಸಿದೆ. ದೋಣಿಯವನು ಕಾಗದ ಒಡೆಯುವ ಪುಟ ಮತ್ತೆ ಬಂತು. ಮೊದಲ ಸಲ ಅತ್ತವಳು ಈಗ ಅಳಲಿಲ್ಲ. ಕಥೆ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ನನ್ನ ಬೆರಳನ್ನು ನೋಡುತ್ತಿದ್ದಳು, ಎಲ್ಲಿಯಾದರೂ ಹಾರುತ್ತದೆಯೇ ಎಂದು ಕಾಯುತ್ತಿದ್ದಳು. ಓದು ಮುಗಿದಾಗ, ಹೌದು, ಇದು ಇದ್ದ ಹಾಗೇ ಇದೆ ಎನ್ನುವಳು, ಅಂಗಡಿಯಲ್ಲಿ ಸಾಮಾನು ಪಟ್ಟಿ ತಾಳೆ ನೋಡಿದವಳಂತೆ. ನಗುವ ಕಡೆ ನಗಲಿಲ್ಲ. ಮಾತ್ರೆ ತಗೋ ಎಂದರೆ ಮಂಪರು ಬರುತ್ತೆ, ಆಮೇಲೆ ಎಂದು ನೋವು ನುಂಗಿಕೊಂಡಳು. ಹಲ್ಲು ಕಚ್ಚಿ ಹೂಂ ಹೂಂ ಎನ್ನುತ್ತಿದ್ದಳು. ನನ್ನ ಮೇಲೆ ಒಂದು ಸಿಟ್ಟಿನ ಮಾತು ಆಡಲಿಲ್ಲ. ಆಡಿದ್ದರೆ ಇವತ್ತು ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಹದಿನಾರು ದಿನ ಇದು ನಡೆಯಿತು. ಸೂಲಗಿತ್ತಿಯದೂ ಸೇರಿ ಏಳು ಪುಸ್ತಕವಾಯಿತು. ಎಂಟನೆಯದಕ್ಕೆ ಬೆರಳಿಟ್ಟಾಗ ಅವಳ ಕಣ್ಣು ಪುಟದ ಮೇಲೆ ನಿಲ್ಲಲಿಲ್ಲ. ಕೈ ಎತ್ತಿ ಇನ್ನೊಂದು ಕಣ್ಣು ಮುಚ್ಚಿಕೊಳ್ಳುವ ಶಕ್ತಿಯೂ ಇರಲಿಲ್ಲ. ನಾನೇ ನನ್ನ ಕೈಯಿಂದ ಅವಳ ಕಣ್ಣು ಮುಚ್ಚಿ ಹಿಡಿದು ಓದಿದೆ. ಹೂಂ ಬರಲಿಲ್ಲ.

ಆಗ ನಾನು ಪುಸ್ತಕ ಬದಿಗಿಟ್ಟು ಅವಳ ಕೈ ಹಿಡಿದು ಹೇಳಿದೆ. "ಅಕ್ಕ, ಮಿಕ್ಕ ನಾಲ್ಕೂ ಇದ್ದದ್ದು ಇದ್ದ ಹಾಗೇ ಓದಿದೀನಿ. ನಿನ್ನಾಣೆ. ಒಂದು ಅಕ್ಷರ ಆ ಕಡೆ ಈ ಕಡೆ ಮಾಡಿಲ್ಲ."

ಅದು ನಿಜ. ಆ ನಾಲ್ಕು ಪುಸ್ತಕ ಇನ್ನೂ ನನ್ನ ಹತ್ತಿರವೇ ಇವೆ, ಯಜಮಾನರು ವಾಪಸ್ ಕೇಳಿಲ್ಲ. ಯಾರು ಬೇಕಾದರೂ ತೆಗೆದು ನೋಡಬಹುದು, ನಾನು ಓದಿದ್ದು ಅದನ್ನೇ.

ಅಕ್ಕ ನನ್ನ ಮುಖ ನೋಡಿದಳು. ಹಿಡಿದಿದ್ದ ಕೈಯನ್ನು ನಾನೇ ನನ್ನ ಕೆನ್ನೆಗೆ ಎತ್ತಿಕೊಂಡೆ, ಉಗುರಿಲ್ಲದ ಬೆರಳಿಂದ ಒರೆಸಿದಳು.

"ಅಳಬೇಡ" ಎಂದಳು. "ನಂಬಿದೀನಿ."

ನಂಬಿರಲಿಲ್ಲ. ನನಗೆ ಸಮಾಧಾನವಾಗಲಿ ಎಂದು ಹೇಳಿದಳು.